ಕಂಬದ ಮನೆಯ ಇಪ್ಪತ್ತೆರಡು ಎಲೆ

ತೊಣ್ಣೂರು
ಶಾಲಿವಾಹನ ಶಕ ೧೭೧೪, ಪರಿಧಾವಿ ಸಂವತ್ಸರ
ಭಾದ್ರಪದ ಶುದ್ಧ ತದಿಗೆ

ನನ್ನ ಮಗಳು ಚಲುವಮ್ಮಳಿಗೆ ತಾಯಿ ದೊಡ್ಡತಾಯಮ್ಮ ಹರಸಿ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮವೆಂದು ಮೊದಲ ಸಾಲಿನಲ್ಲಿ ಬರೆಯಬೇಕು. ಆ ಸಾಲು ಬರೆಯಲಾರದೆಯೇ ಎರಡು ತಿಂಗಳು ಕಳೆದೆ. ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಇವತ್ತು ಗೌರಿ ಹಬ್ಬ. ನಿನಗೆ ಬಾಗಿನ ಕಳಿಸಬೇಕಾದ ದಿನ ಬರಿಯ ಕಾಗದ ಕಳಿಸುತ್ತಿದ್ದೇನೆ. ಮನೆಯಲ್ಲಿ ಮೊರವೇನೋ ಇದೆ, ಅದರಲ್ಲಿ ಇಡುವುದಕ್ಕೆ ಏನೂ ಇಲ್ಲ.

ಅಳಿಯಂದಿರು ಕೆಂಪಣ್ಣನವರು ಆಷಾಢದಲ್ಲಿ ಬಂದು ಹೋದರಲ್ಲ, ಎಲ್ಲ ಹೇಳಿಯೇ ಇರುತ್ತಾರೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಲು ಬಂದವರು ಜಗಲಿಯ ಮೇಲೆ ಕುಳಿತು ಒಂದು ಚೊಂಬು ನೀರು ಕುಡಿದು, ನನ್ನ ಮುಖ ನೋಡದೆ ಎದ್ದು ಹೋದರು. ನಾಗಮಂಗಲಕ್ಕೆ ಕುದುರೆಯ ದಂಡು ನುಗ್ಗಿ ನಿಮ್ಮ ಕಂಚುಗಾರರ ಬೀದಿಗೆ ಬೆಂಕಿ ಇಟ್ಟಾಗ ನೀನು ತುಂಬಿದ ಬಸುರಿ. ಆದಿಚುಂಚನಗಿರಿಯ ಬೆಟ್ಟದ ಕೆಳಗೆ ಯಾರದೋ ಕೊಟ್ಟಿಗೆಯಲ್ಲಿ ಹೆತ್ತೆ ಎಂದು ಕೇಳಿದೆ. ಹಿರಿಮಗಳು ಚಿಕ್ಕತಾಯಿಯನ್ನು ನಮ್ಮ ಹತ್ತಿರ ಬಿಟ್ಟರೆ ಎರಡು ಹೊತ್ತಿನ ಊಟಕ್ಕೆ ಮೋಸವಿಲ್ಲ ಎಂದುಕೊಂಡು ನೀನು ಚೈತ್ರದಲ್ಲಿ ಕಳಿಸಿದೆ. ಆರು ವರ್ಷದ ಕೂಸು, ನನ್ನ ಹೆಸರು ಹೊತ್ತವಳು. ಮೈ ತುಂಬ ಅಮ್ಮ ಎದ್ದಿತ್ತು, ಸಿಡುಬು. ಎರಡೇ ದಿನ, ಹೋದಳು. ಇದಕ್ಕಿಂತ ಹೆಚ್ಚು ಬರೆಯಲು ಈಗ ಕೇಳಬೇಡ.

ಅಪ್ಪಯ್ಯ ಹೇಗಿದ್ದಾರೆ ಎಂದು ಕೇಳಿದ್ದೀಯೆ. ಚೆನ್ನಾಗಿದ್ದಾರೆ. ನಿಮ್ಮಪ್ಪನಿಗೆ ಈಗ ಇಪ್ಪತ್ತೆರಡು ಮಕ್ಕಳು.

ಅದು ಹೇಗಾಯಿತೆಂದು ಹೇಳುತ್ತೇನೆ. ಮಾಘದಲ್ಲಿ ಪಟ್ಣಕ್ಕೆ ಮುತ್ತಿಗೆ ಹಾಕಿದಾಗ ನಮ್ಮ ಕೆರೆಯ ಏರಿಯ ಉದ್ದಕ್ಕೂ ಡೇರೆಗಳು. ನಮ್ಮ ಮನೆಯ ತಲೆಬಾಗಿಲು, ತೊಟ್ಟಿಲು, ನಿಮ್ಮಪ್ಪನ ಕುಲುಮೆಯ ತಿದಿ, ಎಲ್ಲವೂ ಅವರ ಒಲೆಗೆ ಸೌದೆಯಾದವು. ಕಣಜದ ರಾಗಿ ಕುದುರೆಗಳಿಗೆ ಹೋಯಿತು. ಮನೆ ಮಾತ್ರ ಉಳಿಯಿತು. ಯಾವುದೋ ಕಾಲದ ದಂಡನಾಯಕ ಕಟ್ಟಿಸಿದ್ದೆಂದು ಊರವರು ಹೇಳುವ ಆ ಹದಿನಾರು ಕಲ್ಲುಕಂಬಗಳನ್ನು ಸುಡುವುದು ಅವರಿಗೆ ಆಗಲಿಲ್ಲ.

ದಂಡುಗಳ ನಡುವೆ ಸಂಧಿಯಾದ ಮೇಲೆ ನಿಮ್ಮಪ್ಪ, ಮುಂಚೆಯೇ ಅಲ್ಲಿ ಜೋಪಾನಕ್ಕೆ ಇರಿಸಿದ್ದ ತಮ್ಮ ಪದಗಳ ಓಲೆಯ ಕಟ್ಟುಗಳನ್ನು ತರಲು ಪಟ್ಣಕ್ಕೆ ಹೋದರು. ಬರುವಾಗ ಬೆಳಗೊಳದ ಹತ್ತಿರ ಒಂದು ಮರದ ಕೆಳಗೆ ಹನ್ನೊಂದು ಮಕ್ಕಳು ಕುಳಿತಿದ್ದವಂತೆ. ಯಾರೂ ಅಳುತ್ತಿರಲಿಲ್ಲವಂತೆ. ಅವುಗಳಲ್ಲಿ ಒಂದು, ನಿಮ್ಮಪ್ಪ ಕೂಲಿಮಠಗಳಲ್ಲಿ ಓದುವ ಹುಡುಗರಿಗೆಂದು ಬರೆದುಕೊಟ್ಟ ಮಗ್ಗಿಯ ಪದ ಗುನುಗುತ್ತಿತ್ತಂತೆ. ಅದನ್ನು ಕೇಳಿ ಅವರಿಗೆ ಕಾಲು ಮುಂದೆ ಹೋಗಲಿಲ್ಲ. ಅಷ್ಟನ್ನೂ ಗಾಡಿಗೆ ಹತ್ತಿಸಿಕೊಂಡು ಬಂದರು. ಆಮೇಲೆ ಹಿರೋಡೆಯಿಂದ ಕೆಲವು ಬಂದವು, ಅತ್ತಿಗುಪ್ಪೆಯ ದಾರಿಯಿಂದ ಕೆಲವು. ಬೆಳಗೊಳದ ಮಂಚಮ್ಮ ಎಂಬ ಹೆಂಗಸು, ಗಂಡನನ್ನು ದಂಡಿನಲ್ಲಿ ಕಳೆದುಕೊಂಡವಳು, ಮಕ್ಕಳ ಹಿಂದೆಯೇ ನಡೆದು ಬಂದು ಒಲೆ ಹಚ್ಚಿದಳು. ಈಗ ಅಡಿಗೆ ಅವಳದೇ.

ಜಾತಿ ಕೇಳದೆ ಸಾಲಾಗಿ ಕೂರಿಸುತ್ತೇವೆಂದು ನಮ್ಮ ಕುಲದವರು ಮನೆಗೆ ಬರುವುದು ಬಿಟ್ಟಿದ್ದಾರೆ. ಅದಕ್ಕೆ ನನಗೆ ದುಃಖವಿಲ್ಲ. ಪಟ್ಣದ ಪೇಟೆಯ ಗುರುಸಿದ್ಧಶೆಟ್ಟರು ಚಿಕ್ಕಂದಿನಲ್ಲಿ ನಿಮ್ಮಪ್ಪನ ಪದ ಹೇಳಿಯೇ ಲೆಕ್ಕ ಕಲಿತವರಂತೆ. ಅವರು ತಿಂಗಳು ತಿಂಗಳು ರಾಗಿ ಕಳಿಸುತ್ತಾರೆ. ಮೊದಲ ಗಾಡಿ ಬಂದ ದಿನ ನಿಮ್ಮಪ್ಪ ನಾರಾಯಣಸ್ವಾಮಿಯ ಗುಡಿಯ ಮುಂದೆ ಊರವರನ್ನು ಕೂಡಿಸಿ ನಿಂತು ಹೇಳಿದರು: "ಈ ಮನೆ ದಿಕ್ಕಿಲ್ಲದ ಐಕ್ಳದು. ಈ ರಾಗಿ ಅವ್ರದು. ಈ ಕಾಳಾಚಾರಿ ಮನೆಯೋರು ಇದ್ರಲ್ಲಿ ಒಂದು ಕಾಳೂ ಮುಟ್ಟಾಕಿಲ್ಲ." ಜನ ಕೈ ಮುಗಿದರು. ನಾನೂ ಮುಗಿದೆ.

ಕೂಸಿಗೆ ನೆತ್ತಿಗೆ ಎಣ್ಣೆ ಒತ್ತುವುದು ಬಿಡಬೇಡ. ನಿನ್ನ ಹಾಲು ಬತ್ತದಿರಲಿ. ನಾಗಮಂಗಲದಲ್ಲಿ ಮನೆ ಮೇಲೆದ್ದಿತೇ, ತಿಳಿಸು.

ಇಂತಿ ನಿನ್ನ ತಾಯಿ,
ದೊಡ್ಡತಾಯಮ್ಮ


ತೊಣ್ಣೂರು
ರಾಕ್ಷಸ ಸಂವತ್ಸರ, ಮಾಘ ಬಹುಳ ಬಿದಿಗೆ

ಮಗಳು ಚಲುವಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಅದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಈಗ ಅವರ ಕಣ್ಣಿಗೆ ಪೊರೆ ಬಂದು ಓಲೆ ಕಾಣುವುದಿಲ್ಲ. ಓದುವುದೂ ಬರೆಯುವುದೂ ನನ್ನದೇ. ನಿನ್ನ ಗಂಡನ ಮನೆಯ ಜಗಲಿಯಲ್ಲಿ ಯಾರೋ ಅವರ ಹೊಸ ಸಾಂಗತ್ಯದ ಕಾವ್ಯ ಓದಿದರೆಂದೂ, ಬೀದಿಯ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆಂದೂ ಬರೆದಿದ್ದೆಯಲ್ಲ, ಆ ಭಾಗವನ್ನು ಮೂರು ಸಾರಿ ಓದಿಸಿಕೊಂಡರು.

ಈಗ ಅವರನ್ನು ಎಲ್ಲ ಕಡೆಗೂ ಕರೆಯುತ್ತಾರೆ. ಕಳೆದ ತಿಂಗಳು ಅತ್ತಿಗುಪ್ಪೆಯಲ್ಲಿ ಸುತ್ತಿನ ಕೂಲಿಮಠದ ಅಯ್ಯಗಳೆಲ್ಲ ಸೇರಿ ಶಾಲು ಹೊದಿಸಿದರು. ಅವರು ಒಂದು ಊರಿಗೆ ಹೋಗಿ ಒಂದು ಸಂಧಿ ಓದಿ ಬಂದರೆ ಮಾರನೆಯ ವಾರ ಆ ಊರಿಂದ ಒಂದು ಗಾಡಿ ಕಾಳು ಬರುತ್ತದೆ. ಇದು ಸುಳ್ಳಲ್ಲ. ಈ ಮನೆಯ ಮಕ್ಕಳು ಅವರ ಮಾತಿನಿಂದಲೇ ಉಣ್ಣುತ್ತಿದ್ದಾರೆ. ಹಿರಿಯ ಹುಡುಗರಲ್ಲಿ ಮೂವರು ಬಡಗಿ ಕೆಲಸ ಕಲಿತು ಹೊರಟರು. ಒಂದು ಹುಡುಗಿಯ ಮದುವೆಯನ್ನೂ ಮಾಡಿದೆವು. ಹೋಗುವಾಗ ನಿಮ್ಮಪ್ಪನ ಕಾಲು ಹಿಡಿದು ಬಿಡಲೇ ಇಲ್ಲ. ಮಂಚಮ್ಮ ಬಂದು ಬಿಡಿಸಬೇಕಾಯಿತು.

ಇನ್ನೊಂದು ಸುದ್ದಿ. ಮನೆಯನ್ನು ಮಕ್ಕಳಿಗೆಂದು ದಾನಪತ್ರ ಮಾಡಿದ್ದಾರೆ. ನಮ್ಮ ಕಾಲದ ಮೇಲೂ ಇದು ನಡೆಯಬೇಕು, ಇದರ ಮೇಲೆ ಹೆಂಡತಿಗೂ ಮಗಳಿಗೂ ಹಕ್ಕಿಲ್ಲ ಎಂದು ಅದರಲ್ಲಿದೆ. ನನ್ನನ್ನು ಕೇಳಲಿಲ್ಲ. ಆದರೆ ಬರೆದವಳು ನಾನು. ಅವರು ಹೇಳುತ್ತಾ ಹೋದರು, ನನ್ನ ಹಕ್ಕನ್ನು ನಾನೇ ದುಂಡಗೆ ಅಕ್ಷರ ಮಾಡಿ ತೆಗೆದು ಹಾಕಿದೆ. ನಿನಗೆ ಇದರಿಂದ ಬೇಸರವಾದರೆ ಆಗಲಿ, ಮುಚ್ಚಿಡಬೇಡ. ನೀನು ಮುಂದಿನ ಕಾಗದದಲ್ಲಿ "ಅಪ್ಪಯ್ಯ ದೊಡ್ಡವರು" ಎಂದು ಬರೆಯುತ್ತೀಯೆಂದು ನನಗೆ ಗೊತ್ತು. ಅಕ್ಷರ ಕಲಿಸಿದವರಲ್ಲವೇ ನಿನಗೆ. ತೊಡೆಯ ಮೇಲೆ ಕೂರಿಸಿಕೊಂಡು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದರು.

ನೀನು ಕೇಳಿದ ಮಾತಿಗೆ ಬರುತ್ತೇನೆ. ಐದನೆಯ ಸಂಧಿಯಲ್ಲಿ ಕಂಬಕ್ಕೆ ಒರಗಿ ನಿಂತು ಉಣ್ಣುವವರನ್ನು ನೋಡುವ ಹುಡುಗಿಯೊಬ್ಬಳು ಬರುತ್ತಾಳೆ. ಅದು ನಮ್ಮ ಚಿಕ್ಕತಾಯಿಯೇ, ಅಪ್ಪಯ್ಯ ಅವಳನ್ನು ನೆನೆದು ಬರೆದರೇ, ಎಂದು ಕೇಳಿದ್ದೀಯೆ.

ಆ ಸಂಧಿಯನ್ನು ಅವರು ಹೇಳಿದ ದಿನ ನಾನು ಓಲೆಯ ಮೇಲೆ ಬರೆದುಕೊಳ್ಳುತ್ತಿದ್ದೆ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು ಎಂದು ಒಂದು ಸಾಲು ಬಂತು. ಬೆರಳು ಮಡಿಸಿ ಎಣಿಸಿ ನೋಡಿ, ಗಣ ಹೆಚ್ಚಾಯಿತು, ಕಣ್ಣೀರು ತೆಗೆದುಬಿಡು ಎಂದರು. ತೆಗೆದೆ. ಇವಳು ಯಾರು ಎಂದು ಕೇಳಿದೆ. "ಯಾರೋ ಒಂದು ಎಣ್ಮಗ" ಎಂದರು. ತಲೆ ಎತ್ತಲಿಲ್ಲ. ಮುಂದಿನ ಸಾಲು ಹೇಳಿದರು.

ನಿನಗೆ ಉತ್ತರ ಇಷ್ಟೇ. ಅವರನ್ನೇ ಕೇಳಬೇಕೆಂದಿದ್ದರೆ ನೀನೇ ಬಾ. ನಾನು ಇನ್ನೊಮ್ಮೆ ಕೇಳಲಾರೆ.

ಮಗನಿಗೆ ನಾಲ್ಕು ತುಂಬಿದ್ದು, ಸಣ್ಣ ಕಂಚಿನ ಗಿಂಡಿ ಹಿಡಿದು ಓಡಾಡುವುದು, ಎಲ್ಲ ಓದಿ ಸಂತೋಷವಾಯಿತು. ಅವನನ್ನು ಇಲ್ಲಿಗೆ ಕಳಿಸುತ್ತೇನೆಂದು ಬರೆದಿದ್ದೀಯೆ. ಬೇಡ. ಅವನು ನಿನ್ನ ಹತ್ತಿರವೇ ಇರಲಿ.

ನಿನ್ನ ಸೌಭಾಗ್ಯ ಗಟ್ಟಿಯಾಗಿರಲಿ.

ದೊಡ್ಡತಾಯಮ್ಮ


ತೊಣ್ಣೂರು
ಶಕ ೧೭೨೧, ಸಿದ್ಧಾರ್ಥಿ ಸಂವತ್ಸರ
ಆಶ್ವಯುಜ ಬಹುಳ ಪಂಚಮಿ

ನನ್ನ ಕಂದ ಚಲುವಿಗೆ, ಅವ್ವ ತಲೆ ನೇವರಿಸಿ ಬರೆಯುವುದು.

ನಿಮ್ಮಪ್ಪನ ಹನ್ನೊಂದನೆಯ ದಿನ ಮುಗಿಸಿಕೊಂಡು ನೀನು ಹೋದದ್ದು ಪುಷ್ಯದಲ್ಲಿ. ಅದಾದ ಮೇಲೆ ನೀನು ಮೂರು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಅವ್ವನಿಗೆ ನಮ್ಮ ಮೇಲೆ ಮನಸ್ಸಿಲ್ಲವೇ ಎಂದು ಕೇಳಿದ್ದೀಯೆ. ಮನಸ್ಸಿದೆ ತಾಯಿ. ಬಿಡುವಿರಲಿಲ್ಲ ಎಂದರೂ ಸುಳ್ಳಲ್ಲ. ಅದೊಂದೇ ಕಾರಣ ಎಂದರೆ ಸುಳ್ಳು.

ಬೇಸಗೆಯಲ್ಲಿ ಮತ್ತೆ ದಂಡು ಬಂತು. ತೋಪಿನ ಸದ್ದು ಇಲ್ಲಿಗೂ ಕೇಳುತ್ತಿತ್ತು. ಮಕ್ಕಳು ಅದನ್ನು ಗುಡುಗೆಂದುಕೊಂಡು ಮಳೆಗೆ ಕಾಯುತ್ತಿದ್ದವು. ಚೈತ್ರದ ಅಮಾವಾಸ್ಯೆಯ ಮಧ್ಯಾಹ್ನ ಸದ್ದು ನಿಂತಿತು. ಪಟ್ಣ ಬಿತ್ತು, ಸುಲ್ತಾನರು ಕೋಟೆಯಲ್ಲೇ ಮಡಿದರು ಎಂದು ಮಾರನೆಯ ದಿನ ಸುದ್ದಿ ಬಂತು. ಕಾವೇರಿ ದಾಟಿಕೊಂಡು ಜನ ಬರತೊಡಗಿದರು, ತಲೆಯ ಮೇಲೆ ಗಂಟು, ಕೆಲವರ ತಲೆಯ ಮೇಲೆ ಗಂಟೂ ಇಲ್ಲ. ಒಂದು ವಾರದಲ್ಲಿ ನಮ್ಮ ಎಲೆ ನಲವತ್ತಾಯಿತು. ತುರುಕರ ಮಕ್ಕಳು ಆರು. ಅವರಲ್ಲಿ ಒಂದು ಹೆಣ್ಣು ಹನ್ನೆರಡು ದಿನ ಮಾತೇ ಆಡಲಿಲ್ಲ. ಹದಿಮೂರನೆಯ ದಿನ ಮಂಚಮ್ಮನ ಹತ್ತಿರ ಹೋಗಿ ನೀರು ಬೇಕು ಎಂದಿತು. ಮಂಚಮ್ಮ ನೀರು ಕೊಟ್ಟು ಹಿತ್ತಲಿಗೆ ಹೋಗಿ ಅತ್ತಳು.

ನಿಮ್ಮಪ್ಪ ಇಲ್ಲದೆ ಇದನ್ನೆಲ್ಲ ಹೇಗೆ ನಡೆಸುವುದೆಂದು ಊರವರು ಮರುಗಿದರು. ಅವರಿದ್ದಾಗ ನಡೆಸಿದವರು ಯಾರೆಂದು ಯಾರೂ ಕೇಳಲಿಲ್ಲ. ಹೋಗಲಿ. ಅವರ ಪದಗಳಂತೂ ನಡೆಸಿದವು. ನಾನು ಐದನೆಯ ಸಂಧಿಯ ಪ್ರತಿಗಳನ್ನು ಮಾಡಿ ಹಿರೋಡೆಗೆ ಒಂದು, ಬೆಳಗೊಳಕ್ಕೆ ಒಂದು, ಹೀಗೆ ಕಳಿಸಿದೆ. ಅವರಿಲ್ಲದಿದ್ದರೂ ಜನ ಓದಿಸಿಕೊಂಡು ಅತ್ತರು, ಕಾಳು ಕಳಿಸಿದರು. ಬೆರಳುಗಳಲ್ಲಿ ಓಲೆ ಕೊರೆಯುವ ಕಂಟ ಹಿಡಿಯುವ ಶಕ್ತಿ ಹೋಗಿದೆ. ಈ ಕಾಗದದ ಅಕ್ಷರ ನೋಡಿದರೇ ನಿನಗೆ ತಿಳಿಯುತ್ತದೆ.

ಈಗ ಮುಖ್ಯ ಸುದ್ದಿ. ಹೋದ ವಾರ ಹೊಸ ಸರ್ಕಾರದ ಅಮಲ್ದಾರರು ಊರಿಗೆ ಬಂದಿದ್ದರು. ಅವರೂ ನಿಮ್ಮಪ್ಪನ ಪದದಲ್ಲಿ ಮಗ್ಗಿ ಕಲಿತವರೇ. ಮನೆಯೊಳಗೆ ಬರುವಾಗ ಚಪ್ಪಲಿಯನ್ನು ಗುಡಿಯ ಮುಂದೆ ಬಿಡುವಂತೆ ದೂರದಲ್ಲೇ ಬಿಟ್ಟು ಬಂದರು. ಕಂಬಗಳನ್ನು ಮುಟ್ಟಿ ನೋಡಿದರು. ನಿಮ್ಮಪ್ಪ ಕುಳಿತು ಹೇಳುತ್ತಿದ್ದ ಜಾಗ ಯಾವುದು ಎಂದು ಕೇಳಿ, ಅಲ್ಲಿ ಕೂರದೆ ಪಕ್ಕದಲ್ಲಿ ಕುಳಿತರು. ಈ ಮನೆಯನ್ನು ಹೀಗೆಯೇ ಉಳಿಸಬೇಕು, ಕೆರೆಯ ಕೆಳಗೆ ಎರಡು ತಾಕು ಗದ್ದೆಯನ್ನು ಮಕ್ಕಳ ಊಟಕ್ಕೆ ಮಾನ್ಯವಾಗಿ ಬಿಡಿಸಿಕೊಡುತ್ತೇನೆ, ಸೂರ್ಯಚಂದ್ರರಿರುವವರೆಗೆ ಇದು ಕಾಳಾಚಾರಿಯವರ ಹೆಸರಿನಲ್ಲಿ ನಡೆಯಬೇಕು ಎಂದರು. ಒಳ್ಳೆಯ ಮನುಷ್ಯ. ಹೇಳಿದ ಮೂರನೆಯ ದಿನಕ್ಕೇ ಗದ್ದೆಯ ಸನದು ಕಳಿಸಿದರು.

ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಅದರ ಮೇಲೆ ಬರೆಸುವ ಮಾತನ್ನೂ ಕಳಿಸಿದ್ದಾರೆ: ತನ್ನವರು ಪರರು ಎಂಬ ಭೇದವಿಲ್ಲದೆ ದಿಕ್ಕಿಲ್ಲದ ಮಕ್ಕಳನ್ನು ಸಾಕಿದ ಕವಿ ಕಾಳಾಚಾರಿಯ ಮನೆ. ಅಕ್ಷರ ಸರಿಯಿದೆಯೇ ನೋಡಿ ಎಂದು ನನ್ನನ್ನೇ ಕೇಳಿದ್ದಾರೆ. ಅಕ್ಷರ ಸರಿಯಿದೆ.

ಕಾರ್ತಿಕ ಶುದ್ಧ ದಶಮಿಗೆ ಕಲ್ಲು ನಿಲ್ಲಿಸುವುದು. ಗಂಡುಮಕ್ಕಳಿಲ್ಲದ್ದರಿಂದ ಮಗಳೇ ಬಂದು ಮೊದಲ ಹೂವು ಇಡಬೇಕೆಂದು ಅಮಲ್ದಾರರ ಇಷ್ಟ. ನಿನಗೆ ಗಾಡಿ ಕಳಿಸುತ್ತಾರಂತೆ. ನೀನೂ ಕೆಂಪಣ್ಣನವರೂ ಮಗನನ್ನು ಕರೆದುಕೊಂಡು ಬರಬೇಕೆಂದು ಅವರ ಪರವಾಗಿ ನಾನು ಬರೆಯಬೇಕಾಗಿದೆ. ಬರೆದಿದ್ದೇನೆ.

ನಿನ್ನ ಮನೆಯಲ್ಲಿ ಒಲೆ ಆರದಿರಲಿ. ನಿನ್ನ ಮಗ ಹೊಟ್ಟೆ ತುಂಬ ಉಂಡು ನೂರು ಕಾಲ ಬಾಳಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಅವ್ವ,
ದೊಡ್ಡತಾಯಮ್ಮ


ಸಹಿ ಹಾಕಿದ ಮೇಲೆ ಬರೆದದ್ದು:

ಕಾಗದ ಮಡಿಸಿ ಎರಡು ದಿನ ಇಟ್ಟುಕೊಂಡಿದ್ದೆ. ನಿನ್ನೆ ಗುರುಸಿದ್ಧಶೆಟ್ಟರು ಬಂದಿದ್ದರು. ಪಟ್ಣದ ಲೂಟಿಯಲ್ಲಿ ಅಂಗಡಿ ಹೋಯಿತಂತೆ, ಆದರೂ ಎರಡು ಗಾಡಿ ರಾಗಿ ಹೊಡಿಸಿಕೊಂಡು ಬಂದಿದ್ದರು. ಅವರಿಗೆ ಮಜ್ಜಿಗೆ ಕೊಡುವಾಗ, ಏಳು ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಕೇಳಿಯೇ ಬಿಟ್ಟೆ: ಹೆತ್ತವರಿರುವ ಮಕ್ಕಳಿಗೆ ನಿಮ್ಮ ರಾಗಿಯಲ್ಲಿ ಪಾಲು ಕೊಡಬಾರದು ಎಂದು ಯಾಕೆ ಕಟ್ಟು ಮಾಡಿದಿರಿ ಎಂದು.

ಅವರು ಲೋಟ ಕೆಳಗಿಟ್ಟರು. "ನಾನ್ಯಾವತ್ತು ಅಂಗಂದೆ ತಾಯಿ? ಕಾಳಾಚಾರ್ರು ತಾವೇ ಗುಡಿ ಮುಂದೆ ಅಂಗಂದ್ರಂತೆ, ಆಮೇಲೆ ನಂಗೇಳುದ್ರು. ಯಾಕೆ, ಯಾರಾನ ಉಪಾಸ ಇದ್ರಾ?"

ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿದೆ. ಅವರು ಹೋದ ಮೇಲೆ ಕಾಗದ ಬಿಚ್ಚಿದೆ. ಇದನ್ನು ನೀನೊಬ್ಬಳೇ ಓದು.

ಚಿಕ್ಕತಾಯಿಗೆ ಅಮ್ಮ ಎದ್ದಿರಲಿಲ್ಲ. ಅದೇ ಮನೆಯಲ್ಲಿದ್ದ ಇಪ್ಪತ್ತೆರಡು ಮಕ್ಕಳಲ್ಲಿ ಒಂದಕ್ಕೂ ಒಂದು ಗುಳ್ಳೆ ಏಳಲಿಲ್ಲವಲ್ಲ, ನಿನಗೆ ಎಂದೂ ಅನುಮಾನ ಬರಲಿಲ್ಲವೇ? ಬರಬಾರದೆಂದು ನಾನು ದಿನವೂ ಬೇಡಿಕೊಳ್ಳುತ್ತಿದ್ದೆ.

ನಮ್ಮ ಕಣಜ ಬರಿದಾಗಿತ್ತು ಎಂದು ಆಗಲೇ ಬರೆದಿದ್ದೆನಲ್ಲ. ನಿಮ್ಮಪ್ಪ ಸುತ್ತಿನ ಹಳ್ಳಿಗಳಲ್ಲಿ ಪದ ಹೇಳಿ ತಂದ ಹಿಡಿ ಹಿಟ್ಟಿನಲ್ಲಿ ನಾವು ಮೂವರೂ ಅಂಬಲಿ ಕಾಸಿಕೊಳ್ಳುತ್ತಿದ್ದೆವು. ಅವರು ತಮ್ಮ ಪಾಲಿನಲ್ಲಿ ಅರ್ಧವನ್ನು ಅವಳ ತಣಿಗೆಗೆ ಸುರಿಯುತ್ತಿದ್ದರು. ಇದನ್ನು ಹೇಳದಿದ್ದರೆ ನನಗೆ ನಾಲಿಗೆ ಬಿದ್ದುಹೋದೀತು. ಆದರೆ ಮಧ್ಯಾಹ್ನ ಕಂಬಗಳ ನಡುವೆ ಇಪ್ಪತ್ತೆರಡು ಮುತ್ತುಗದ ಎಲೆ ಹಾಕಿದಾಗ ಅವಳು ಬಂದು ನಿಲ್ಲುತ್ತಿದ್ದಳು. ಮೊದಲ ದಿನ ತಾನೇ ಒಂದು ಎಲೆ ಆರಿಸಿಕೊಂಡು ಬಂದು ಸಾಲಿನ ಕೊನೆಯಲ್ಲಿ ಕುಳಿತಳು. ನಿಮ್ಮಪ್ಪ ಅವಳ ಕೈ ಹಿಡಿದು ಮೆಲ್ಲಗೆ ಎಬ್ಬಿಸಿದರು. "ನೀನು ಅಪ್ಪ ಅವ್ವ ಇರೋಳು ಕಣವ್ವ. ಇವ್ರಿಗೆ ಯಾರವ್ರೆ?" ಎಂದರು. ಅವಳು ಎಲೆಯನ್ನು ಮಡಿಸಿ ಅವರ ಕೈಗೆ ಕೊಟ್ಟಳು. ಆಮೇಲೆ ಎಂದೂ ಕೂರಲಿಲ್ಲ.

ರಂಪ ಮಾಡಿದ್ದರೆ ನಾನು ಏನಾದರೂ ಮಾಡುತ್ತಿದ್ದೆನೋ ಏನೋ. ರಂಪ ಮಾಡುವ ಮಗುವಲ್ಲ ಅದು. ನೀನು ಅಷ್ಟು ಚೆನ್ನಾಗಿ ಬೆಳೆಸಿದ್ದೆ.

ನಾನು ರಾತ್ರಿ ಹಗಲು ಅವರ ಹತ್ತಿರ ಹೇಳಿದೆ. ಇಪ್ಪತ್ತೆರಡರ ಜೊತೆಗೆ ಇವಳು ಇಪ್ಪತ್ತಮೂರನೆಯವಳು ಎಂದೆ. ಅವರು ಒಪ್ಪಲಿಲ್ಲ. "ನಾಳೆ ಊರೋರು ಏನಂದಾರು? ದಿಕ್ಕಿಲ್ಲದೋರ ಎಸ್ರೇಳಿ ಮೊಮ್ಮಗಳ್ನ ಸಾಕ್ಕೊಂಡ ಅಂದಾರು. ಆ ಮಾತು ಬಂದ್ರೆ ಒಂದು ಮೂಟೇನೂ ಬರಾಕಿಲ್ಲ ಕಣೆ" ಎಂದರು. ರಾಗಿ ಕಳಿಸುವ ಶೆಟ್ಟರೇ ಕಟ್ಟು ಮಾಡಿದ್ದಾರೆಂದು ನಾನು ತಪ್ಪು ತಿಳಿದದ್ದು ಇದರಿಂದಲೇ. ಜ್ಯೇಷ್ಠ ಬಹುಳದ ಹೊತ್ತಿಗೆ ಅವಳ ಮೊಣಕೈಗಳು ದಪ್ಪಗೆ ಕಾಣುತ್ತಿದ್ದವು, ತೋಳು ಅಷ್ಟು ಬಡವಾಗಿತ್ತು.

ಒಂದು ಮಧ್ಯಾಹ್ನ ಮಕ್ಕಳು ಉಣ್ಣುವ ಹೊತ್ತಿಗೆ ಅವಳು ಕಾಣಲಿಲ್ಲ. ಕೆರೆಯ ಹಿಂದಿನ ಪೊದೆಗಳಲ್ಲಿ ಯಾವುದೋ ಕಾಡುಗೆಡ್ಡೆಯನ್ನು ಕೋಲಿನಲ್ಲಿ ಅಗೆದು ಹಸಿಯಾಗಿ ತಿಂದಿದ್ದಳು. ಬರುವಾಗಲೇ ಬಾಯಿ ಉರಿದು ಜೊಲ್ಲು ಸುರಿಯುತ್ತಿತ್ತು. ಸಂಜೆಯ ಹೊತ್ತಿಗೆ ವಾಂತಿ ಶುರುವಾಯಿತು. ಮಜ್ಜಿಗೆ ಕುಡಿಸಿದೆ, ಹುಣಸೆ ನೀರು ಕುಡಿಸಿದೆ, ನಿಲ್ಲಲಿಲ್ಲ. ಏನು ತಿಂದೆ ಮಗಾ, ಎಲ್ಲಿ ತಿಂದೆ ಎಂದು ಕೇಳಿದೆ. ಅವಳಿಗೆ ನಾನು ಬೈಯುತ್ತೇನೆಂದು ಭಯ. "ಆ ಐಕ್ಳುದ್ದು ಮುಟ್ಟಿಲ್ಲ ಕಣಜ್ಜಿ" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ಮಾರನೆಯ ದಿನ ಮಧ್ಯಾಹ್ನಕ್ಕೆ ಹೋದಳು.

ಕೆಂಪಣ್ಣನವರಿಗೆ ಅಮ್ಮ ಎದ್ದಿತ್ತೆಂದು ಹೇಳಿದವಳು ನಾನೇ. ನಿಮ್ಮಪ್ಪ ಪಕ್ಕದಲ್ಲಿ ನಿಂತಿದ್ದರು, ತಿದ್ದಲಿಲ್ಲ. ಆಮೇಲೆ ಸಾಯುವವರೆಗೂ ನಮ್ಮಿಬ್ಬರ ನಡುವೆ ಅವಳ ಹೆಸರು ಬರಲಿಲ್ಲ. ಬಂದದ್ದು ಆ ಐದನೆಯ ಸಂಧಿಯಲ್ಲಿ, ಹೆಸರಿಲ್ಲದೆ.

ಈಗ ಕಲ್ಲು ನಿಲ್ಲುತ್ತದೆ. ನಿಲ್ಲಿಸಬೇಡಿ ಎಂದು ನಾನು ಹೇಳುವುದಿಲ್ಲ. ಇದು ಹೊರಗೆ ಬಿದ್ದರೆ ಅವರ ಹೆಸರು ಹೋಗುತ್ತದೆ. ಹೆಸರು ಹೋದರೆ ಗದ್ದೆ ಹೋಗುತ್ತದೆ, ನಲವತ್ತು ಮಕ್ಕಳ ಬಾಯಿಗೆ ಮಣ್ಣು ಬೀಳುತ್ತದೆ. ಅದಕ್ಕೆ ಊರಿಗೆ ಹೇಳಲಾರೆ. ಆದರೆ ಆ ಮಾತು ಕೊರೆದ ಕಲ್ಲಿಗೆ ಏನೂ ತಿಳಿಯದೆ ನೀನು ಬಂದು ಹೂವಿಡುವುದನ್ನು ನಿಂತು ನೋಡುವ ಶಕ್ತಿ ನನಗಿಲ್ಲ. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಬಾರದಿದ್ದರೆ ಬಾಣಂತಿತನವೋ ಜ್ವರವೋ ಏನೋ ಒಂದು ಹೇಳುತ್ತೇನೆ. ಸುಳ್ಳು ಹೇಳುವುದು ನನಗೆ ಅಭ್ಯಾಸವಾಗಿದೆ.

ಇಷ್ಟು ಬರೆದ ಮೇಲೆ ನೀನು ನಿಮ್ಮಪ್ಪನನ್ನು ಶಪಿಸುತ್ತೀಯೆ. ಶಪಿಸುವ ಮೊದಲು ಇದನ್ನೂ ಓದು.

ಆ ವಾರ ಅವರು ಊರಿನಲ್ಲಿ ಇರಲಿಲ್ಲ. ಪಟ್ಣದ ವರ್ತಕರಿಗೆ ಪದ ಓದಿ ಹೇಳಿ ಕಾಳು ಕೂಡಿಸಲು ಹೋಗಿದ್ದವರು ಅವಳು ಹೋದ ಸಂಜೆ ಬಂದರು. ಐದು ದಿನ ಈ ಮನೆಗೆ ನಾನೇ ಯಜಮಾನಿ. ಬೆಳಿಗ್ಗೆ ಉಗ್ರಾಣ ತೆರೆದು ಮಂಚಮ್ಮನಿಗೆ ಹಿಟ್ಟು ಅಳೆದು ಕೊಡುತ್ತಿದ್ದವಳು ನಾನು. ಮಂಚಮ್ಮ ಕೇಳಿದಳು, ಚಲುವಿ. ಬಾಯಿ ಬಿಟ್ಟು ಕೇಳಿದಳು. "ಕೂಸ್ಗೆ ಒಂದು ಮುದ್ದೆ ಎಚ್ಗೆ ಕಟ್ಬುಡ್ತೀನಿ ಕಣ್ರವ್ವ, ನೀವು ಆ ಕಡೆ ನೋಡ್ತಿರಿ" ಎಂದಳು. ಅವರು ಬಂದು ಅಳೆದಾಗ ಒಂದು ಪಾವು ಕಡಿಮೆ ಬಂದರೆ ಏನೆಂದು ಹೇಳಲಿ ಎಂದು ಯೋಚಿಸಿ, ಬೇಡ ಎಂದೆ. ಬೇಡ ಎಂದು ಬೀಗ ಹಾಕಿಕೊಂಡು 
ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಚಿಕ್ಕತಾಯಿ ಕಂಬದ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದಳು.